ಬಣ್ಣದ ಡಬ್ಬ ಕೊನೆಗೆ: ಹಳೆ ಅಡುಗೆಮನೆಗೆ ಕಡಿಮೆ ಖರ್ಚಿನ ಹೊಸ ಕಳೆ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಹಳೆ ಮನೆಗಳಲ್ಲಿ ಅಡುಗೆಮನೆಗೆ ಬಳಿದ ಬಣ್ಣ ಒಂದೆರಡು ಮಳೆಗಾಲಕ್ಕೇ ಸಿಪ್ಪೆ ಏಳುವುದು ಮಾಮೂಲು. ಇಲ್ಲಿನ ಗೋಡೆಗಳ ಚಿರೇಕಲ್ಲು (ಕೆಂಪು ಜಂಬಿಟ್ಟಿಗೆ) ನೀರು ಹೀರುತ್ತದೆ. ಆ ನೀರು ಹೊರಬರುವಾಗ ಗೋಡೆಯೊಳಗಿನ ಉಪ್ಪನ್ನೂ ತಂದು, ಅಡ್ಡ ಇರುವ ಬಣ್ಣವನ್ನು ಹಿಂದಿನಿಂದ ದೂಡಿ ಉದುರಿಸುತ್ತದೆ. ಹಾಗಾಗಿ ದುಡ್ಡು ಮೊದಲು ಜಿಡ್ಡು, ತೇವ, ತುಕ್ಕಿಗೆ ಹೋಗಲಿ. ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿ ಕಳೆದ ಮೇಲೆ, ಮಾರ್ಚ್ ಒಳಗೆ.

ಜಿಡ್ಡು ತೆಗೆಯುವುದು

ಮೊದಲು ಒಣ ಪೊರಕೆಯಲ್ಲಿ ಇಲ್ಲಣ, ಮಸಿ ಗುಡಿಸಿ. ಬಳಿಕ 1 ಲೀಟರ್ ಬಿಸಿನೀರಿಗೆ 2 ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಕೈಗವಸು ಹಾಕಿಕೊಂಡು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರು ಮಾಡಿದರೆ ಇಳಿದ ಕೊಳೆನೀರಿನ ಗೆರೆಗಳು ಒಣಗೋಡೆಯ ಮೇಲೆ ಉಳಿದುಬಿಡುತ್ತವೆ. ಸ್ವಿಚ್ ಬೋರ್ಡ್ ಇರುವ ಕಡೆ ಮೇನ್ ಆಫ್ ಮಾಡಿ. ಅಲ್ಯೂಮಿನಿಯಂ ಪಾತ್ರೆ, ಚೌಕಟ್ಟುಗಳಿಗೆ ಸೋಡಾ ತಾಗಿದರೆ ಕಪ್ಪಾಗುತ್ತದೆ. ಕೊನೆಗೆ ಎರಡು ಸಲ ಬರೀ ನೀರಿನಲ್ಲಿ ಒರೆಸಿ. ಸೌದೆ ಒಲೆಯ ಹಳೆ ಮಸಿ ಗಿಲಾವಿನೊಳಗೇ ಇಳಿದಿದ್ದರೆ ತೊಳೆದು ಪ್ರಯೋಜನವಿಲ್ಲ. ಕೆರೆದೇ ತೆಗೆಯಬೇಕು, ಇಲ್ಲವಾದರೆ ಬಿಳಿ ಸುಣ್ಣದ ಮೇಲೂ ಕಂದು ಕಲೆ ಮೂಡುತ್ತದೆ.

ತೇವ ಎಲ್ಲಿಂದ?

ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಗೋಡೆಯದ್ದು: ಸೋರುವ ಪೈಪು, ಒಡೆದ ಹಂಚು, ಹೊರಗೋಡೆಗೆ ಒತ್ತಿ ನಿಂತ ಮಣ್ಣು ಹುಡುಕಿ. ಹೊರಮೈಯಲ್ಲಿ ಮಾತ್ರ ಹನಿಯಿದ್ದರೆ ಅದು ಅಡುಗೆಯ ಹಬೆ. ಕಿಟಕಿ ತೆರೆದಿಡಿ, ಬೇಕಿದ್ದರೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಗೋಡೆಯಲ್ಲಿ ಎದ್ದ ಬಿಳಿ ಉಪ್ಪಿನ ಪುಡಿಯನ್ನು ಒಣ ಬ್ರಷ್‌ನಿಂದಲೇ ತೆಗೆಯಿರಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಸುಣ್ಣವೇ ಅಗ್ಗ, ಸುಣ್ಣವೇ ಮೇಲು

ತೇವ ಪೂರ್ತಿ ನಿಲ್ಲದ ಚಿರೇಕಲ್ಲಿನ ಗೋಡೆಗೆ ಪ್ಲಾಸ್ಟಿಕ್ ಪೇಂಟಿಗಿಂತ ಸುಣ್ಣ ಒಳ್ಳೆಯದು. ಅದು ಗೋಡೆಯ ತೇವವನ್ನು ಆರಲು ಬಿಡುತ್ತದೆ, ಕ್ಷಾರವಾದ್ದರಿಂದ ಬೂಸ್ಟು ಬೇಗ ಹತ್ತುವುದಿಲ್ಲ. 1 ಕೆ.ಜಿ. ಸುಟ್ಟ ಚಿಪ್ಪಿಸುಣ್ಣಕ್ಕೆ 5 ಲೀಟರ್ ನೀರು. ಕಬ್ಬಿಣ ಅಥವಾ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು, ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಕನ್ನಡಕ ಇಲ್ಲದೆ ಈ ಕೆಲಸ ಬೇಡ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಬಿಸಿನೀರಲ್ಲಿ ಕರಗಿಸಿದ 20 ಗ್ರಾಂ ಅಂಟು ಸೇರಿಸಿ.

ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಿರಿ. ಹಸಿಯಿದ್ದಾಗ ಸುಣ್ಣ ಕಾಣುವುದೇ ಇಲ್ಲ, ಆರಿದ ಮೇಲೆ ಬೆಳ್ಳಗಾಗುತ್ತದೆ. ಇದು ತಿಳಿಯದೆ ಗಟ್ಟಿ ಮಾಡಿ ಬಳಿದವರ ಗೋಡೆಯೇ ಪುಡಿಪುಡಿಯಾಗಿ ಉದುರುವುದು. ದಿನಕ್ಕೊಂದರಂತೆ ಮೂರು ಕೈ. ಹಳೆ ಎಮಲ್ಷನ್ (ಪ್ಲಾಸ್ಟಿಕ್) ಪೇಂಟಿನ ಮೇಲೆ ಸುಣ್ಣ ಕೂರುವುದಿಲ್ಲ, ಅದನ್ನು ಪೂರ್ತಿ ಕೆರೆಯಬೇಕು.

ಒಲೆಯ ಹಿಂದೆ ಮಾತ್ರ ಸುಣ್ಣ ಸಾಲದು, ಎಣ್ಣೆ ಒರೆಸಲಾಗದು. ಅಲ್ಲಿ 6 ಅಡಿ ಉದ್ದ, 2 ಅಡಿ ಎತ್ತರಕ್ಕೆ 12×18 ಇಂಚಿನ 8 ಟೈಲ್ಸ್ ಸಾಕು. ಒಡೆದರೆ ಇರಲೆಂದು ಒಂದೆರಡು ಹೆಚ್ಚು ತನ್ನಿ. ಅಂಗಡಿಯಲ್ಲಿ ಉಳಿದ ಚಿಲ್ಲರೆ ಮಾಲು ಕೇಳಿದರೆ ಅಗ್ಗಕ್ಕೆ ಸಿಗುತ್ತದೆ. ಬಣ್ಣದ ಮೇಲೆಯೇ ಅಂಟಿಸಿದರೆ ಬಣ್ಣದ ಸಮೇತ ಕಳಚಿ ಬೀಳುತ್ತವೆ.

ಕಟ್ಟೆ, ಕಪಾಟು

ಕಡಪ ಕಲ್ಲು ಸುಣ್ಣದಕಲ್ಲಿನ ಜಾತಿ. ಮುರುಗಲು, ನಿಂಬೆ, ಅಪ್ಪೆಹುಳಿ ಚೆಲ್ಲಿದಲ್ಲಿ ಹೊಳಪು ಸಾಯುವುದು ಹುಳಿ ಕಲ್ಲನ್ನು ತಿನ್ನುವುದರಿಂದ. ಆಸಿಡ್ ಹಾಕಿ ತೊಳೆದರೆ ಇಡೀ ಕಟ್ಟೆಯ ಗತಿ ಅದೇ. 220, 400, 600, 1000 ನಂಬರಿನ ವಾಟರ್ ಪೇಪರ್‌ಗಳಲ್ಲಿ ಒಂದಾದ ಮೇಲೊಂದರಂತೆ ನೀರು ಹಾಕುತ್ತ ತಿಕ್ಕಿ. ಕಲ್ಲು-ಗೋಡೆ ಸಂದು ಚೆನ್ನಾಗಿ ಒಣಗಿದ ಮೇಲೆ ‘ನ್ಯೂಟ್ರಲ್’ ಎಂದು ಬರೆದಿರುವ ಸಿಲಿಕೋನ್ ತುಂಬಿ, ಒಂದು ದಿನ ನೀರು ತಾಗಿಸಬೇಡಿ. ವಿನೆಗರ್ ವಾಸನೆಯ ಸಿಲಿಕೋನ್ ಕಡಪಕ್ಕೆ ಆಗದು.

ಕಪಾಟಿನ ಬಾಗಿಲು ಜೋತುಬಿದ್ದಿದ್ದರೆ ಹೆಚ್ಚಿನಪಾಲು ತಪ್ಪು ಬಿಜಾಗರಿಯದ್ದು. ಬಾಗಿಲು ಬದಲಿಸುವ ಮೊದಲು ಅದನ್ನು ನೋಡಿ. ಸಮುದ್ರದ ಗಾಳಿಗೆ 304 ದರ್ಜೆಯ ಸ್ಟೀಲ್ ಬೇಕು, ಸ್ಕ್ರೂ ಸಹ ಅದೇ. ಅಯಸ್ಕಾಂತ ಹಿಡಿದು ನೋಡಿ ನಂಬಬೇಡಿ: ಅಗ್ಗದ 202 ದರ್ಜೆಯೂ ಅದಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಸಿಂಕಿನ ಕೆಳಗಿನ ಹಲಗೆ ಉಬ್ಬಿದ್ದರೆ ಅದೊಂದನ್ನೇ ಐಎಸ್ 710 ಗುರುತಿನ (ನೀರು ತಾಳುವ ಮರೀನ್ ದರ್ಜೆಯ) ಪ್ಲೈವುಡ್‌ಗೆ ಬದಲಿಸಿ, ಕೊಯ್ದ ಅಂಚಿಗೆ ಎರಡು ಕೈ ಪೇಂಟ್ ಕೊಡಿ. ನೀರು ಒಳಗಿಳಿಯುವುದು ಅಂಚಿನಿಂದಲೇ.

ಹಂಚಿನ ಮಾಡಾದರೆ ಕಟ್ಟೆಯ ನೇರಕ್ಕೆ ಎರಡು ಗಾಜಿನ ಹಂಚು ಹಾಕಿಸಿ, ಹಗಲು ದೀಪ ಬೇಡ. ಸಿರ್ಸಿ ಕಡೆ ಮಂಗಗಳ ಕಾಟವಿದ್ದರೆ ಸುತ್ತಲಿನ ಹಂಚುಗಳನ್ನೂ ತಂತಿಯಿಂದ ಪಕಾಸಿಗೆ (ಮಾಡಿನ ಮರಕ್ಕೆ) ಬಿಗಿಸಿ.