ಎರಡೆಕರೆ ಇದ್ದರೂ ಜಾಗ ಸಾಲದು: ನ್ಯೂಯಾರ್ಕ್‌ನಲ್ಲಿ ಮನೆಯಾಚೆ ಸೌದೆ ಬಾಯ್ಲರ್ ಹಾಕುವ ಮುಂಚೆ

ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಸಾರಟೋಗಾ ಸುತ್ತಮುತ್ತ ಮನೆ ಕೊಳ್ಳುವ ನಮ್ಮವರಲ್ಲಿ ಅನೇಕರು ಪೇಟೆಯಿಂದ ಸ್ವಲ್ಪ ಆಚೆ, ಮರಗಿಡ ಇರುವ ಜಾಗ ಹುಡುಕುತ್ತಾರೆ. ಅಲ್ಲಿಗೆ ಗ್ಯಾಸ್ ಪೈಪ್ ಬಂದಿರುವುದಿಲ್ಲ. ಮೊದಲ ಚಳಿಗಾಲದ ಆಯಿಲ್ ಅಥವಾ ಪ್ರೊಪೇನ್ ಬಿಲ್ ಬಂದ ಮೇಲೆ ಮನೆಯಾಚೆ ಇಡುವ ಸೌದೆ ಬಾಯ್ಲರ್ ಮೇಲೆ ಕಣ್ಣು ಬೀಳುತ್ತದೆ. ಮಲೆನಾಡಿನವರಿಗೆ ಅದು ಬಚ್ಚಲ ಹಂಡೆಯ ಒಲೆಯ ಹಾಗೇ ಕಾಣುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಸೌದೆ ಉರಿಯುತ್ತದೆ, ಕಾದ ನೀರು ನೆಲದೊಳಗಿನ ಪೈಪಿನಲ್ಲಿ ಮನೆಗೆ ಬರುತ್ತದೆ. ಸೌದೆಯ ಲಾಭ ನಷ್ಟ ನಿಮಗೇ ಗೊತ್ತು, ಅದನ್ನು ಬಿಡುತ್ತೇನೆ. ನನ್ನನ್ನು ಕೇಳಿಕೊಂಡು ಬಂದವರಿಗೆ ನಾನು ಮೊದಲು ಹೇಳುವುದು ಒಂದೇ: ಜಾಗದ ಸರ್ವೇ ನಕ್ಷೆ ತನ್ನಿ.

ನ್ಯೂಯಾರ್ಕ್ ರಾಜ್ಯ 2011ರಲ್ಲಿ ಈ ಬಾಯ್ಲರ್‌ಗಳಿಗೆ ನಿಯಮ ತಂದಿತು. ಹೊಸದಾಗಿ ಹಾಕುವ ಮನೆಬಳಕೆಯ ಬಾಯ್ಲರ್ ನಿಮ್ಮ ಜಾಗದ ಗಡಿಯಿಂದ ಕನಿಷ್ಠ 100 ಅಡಿ ಒಳಗಿರಬೇಕು. ಚಿಮಣಿ ನೆಲದಿಂದ ಕನಿಷ್ಠ 18 ಅಡಿ ಎತ್ತರ ಇರಬೇಕು. ಹೊಗೆ ಮಿತಿಯೊಳಗಿದೆ ಎಂಬ ಸರ್ಟಿಫಿಕೇಟ್ ಮಾಡೆಲ್‌ಗೆ ಇರಬೇಕು. ಯಾರೋ ಬಿಚ್ಚಿ ಮಾರುವ ಹಳೇ ಬಾಯ್ಲರ್ ತಂದು ಹಾಕುವ ಯೋಚನೆ ಬೇಡ.

ನೂರು ಅಡಿ ತಾನೆ ಅನ್ನಿಸುತ್ತದೆ ಅಲ್ವಾ? ಜನ ಎಡವುವುದು ಅಲ್ಲೇ. ನೂರು ಅಡಿ ಎಡದಿಂದಲೂ ಬೇಕು, ಬಲದಿಂದಲೂ ಬೇಕು. ಅಂದರೆ ಜಾಗದ ಅಗಲ 200 ಅಡಿ ದಾಟದಿದ್ದರೆ ಬಾಯ್ಲರ್ ಇಡಲು ಜಾಗವೇ ಇಲ್ಲ. ಎಕರೆ ಎಷ್ಟಿದ್ದರೂ ಅಷ್ಟೇ. ಇಲ್ಲಿನ ಹಳ್ಳಿ ಕಡೆಯ ಸೈಟುಗಳು ರಸ್ತೆಗೆ ಕಿರಿದು, ಹಿಂದಕ್ಕೆ ಉದ್ದ. 180 ಅಡಿ ಅಗಲ, 484 ಅಡಿ ಉದ್ದ ಇದ್ದರೆ ಸರಿಯಾಗಿ ಎರಡು ಎಕರೆ. ಅಷ್ಟು ದೊಡ್ಡ ಜಾಗದಲ್ಲಿ ಒಂದು ಮೂಲೆಯೂ ನಿಯಮಕ್ಕೆ ಹೊಂದುವುದಿಲ್ಲ.

ಸಾಗರದ ಕಡೆಯ ನಮ್ಮ ಗೆಳೆಯರಿಗೆ ಆದದ್ದು ಇದೇ. ಡೀಲರ್ "ಇದು ಇಪಿಎ ಪಾಸ್ ಮಾಡಿದ ಮಾಡೆಲ್, ಚಿಂತೆ ಬೇಡ" ಎಂದ. ಇವರು ಅಡ್ವಾನ್ಸ್ ಕೊಟ್ಟರು, ಕಾಂಕ್ರೀಟ್ ಹಾಕಿಸಿದರು, ಮನೆವರೆಗೆ ಪೈಪಿಗೆ ಕಾಲುವೆ ತೋಡಿಸಿದರು. ಆಮೇಲೆ ಪರ್ಮಿಟ್‌ಗೆ ಹೋದರೆ ಟೌನ್‌ನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದ, ಕಟ್ಟಡ ನಿಯಮ ನೋಡುವ ಕೋಡ್ ಆಫೀಸರ್ ನಕ್ಷೆ ನೋಡಿ ಆಗಲ್ಲ ಎಂದರು. ಇಪಿಎ ಅಂದರೆ ಅಮೆರಿಕದ ಪರಿಸರ ಸಂಸ್ಥೆ; ಅದರ ಚೀಟಿ ಹೇಳುವುದು ಹೊಗೆಯ ಮಾತು ಮಾತ್ರ. 2020ರ ಮೇ ತಿಂಗಳಿಂದ ಅಂಗಡಿಯಲ್ಲಿ ಮಾರುವ ಹೊಸ ಬಾಯ್ಲರ್‌ಗಳೆಲ್ಲ ಇಪಿಎಯ ಹೊಗೆ ಮಿತಿಯೊಳಗೇ ಇರಬೇಕು. ನಿಮ್ಮ ಜಾಗದಲ್ಲಿ ಇಡಬಹುದೇ ಎಂಬುದಕ್ಕೆ ಆ ಚೀಟಿ ಉತ್ತರವಲ್ಲ. ದಯವಿಟ್ಟು ಪರ್ಮಿಟ್ ಕೈಗೆ ಬರುವವರೆಗೆ ಒಂದು ಡಾಲರ್ ಕೂಡ ಕೊಡಬೇಡಿ. ಬೇಲಿಯಿಂದ, ಹಳೇ ಕಲ್ಲುಗೋಡೆಯಿಂದ ಟೇಪ್ ಹಿಡಿದು ಅಳೆಯಲೂಬೇಡಿ. ಕಾಡಿನೊಳಗಿನ ಆ ಗೋಡೆಗಳು ಎಷ್ಟೋ ಕಡೆ ಗಡಿಯೇ ಅಲ್ಲ.

ರಾಜ್ಯದ ನಿಯಮಕ್ಕೆ ಹೊಂದಿದರೂ ಮುಗಿಯಲಿಲ್ಲ. ಟೌನ್ ಅಥವಾ ವಿಲೇಜ್ ಇನ್ನೂ ಬಿಗಿ ಕಾನೂನು ಮಾಡಬಹುದು, ಪೂರ್ತಿ ಬೇಡ ಎಂದೂ ಹೇಳಬಹುದು. ನಿಮ್ಮ ಟೌನ್ ಯಾವುದು ಎಂದು ಅಂಚೆ ವಿಳಾಸ ನೋಡಿ ತೀರ್ಮಾನಿಸಬೇಡಿ. ವಿಳಾಸದಲ್ಲಿ ಕ್ಲಿಫ್ಟನ್ ಪಾರ್ಕ್ ಎಂದಿದ್ದರೂ ಮನೆ ಹಾಫ್‌ಮೂನ್ ಟೌನ್‌ನಲ್ಲಿರಬಹುದು. ಬಾಲ್‌ಸ್ಟನ್ ಸ್ಪಾ ಎಂದಿರುವ ಮನೆ ಮಾಲ್ಟಾದಲ್ಲಿರಬಹುದು. ಆಸ್ತಿ ತೆರಿಗೆ ಬಿಲ್‌ನಲ್ಲಿ ಯಾವ ಟೌನ್ ಹೆಸರಿದೆಯೋ ಅಲ್ಲಿಗೇ ಹೋಗಿ ಕೇಳಿ.

ಇಷ್ಟು ಬಿಗಿ ಯಾಕೆ ಎಂದು ನಮ್ಮವರು ಗೊಣಗುತ್ತಾರೆ. ನೀರು ಸಾಕಷ್ಟು ಕಾದ ತಕ್ಷಣ ಈ ಬಾಯ್ಲರ್ ಗಾಳಿ ಮುಚ್ಚಿಕೊಳ್ಳುತ್ತದೆ. ಬೆಂಕಿ ಆರದೆ ಒಳಗೇ ಕುಮುಲುತ್ತದೆ. ಆ ಹೊಗೆಗೆ ಬಿಸಿ ಕಡಿಮೆ, ಮೇಲೇರುವುದಿಲ್ಲ. ಚಿಮಣಿಯೂ ಗಿಡ್ಡವಾದರೆ ಪಕ್ಕದ ಮನೆಯ ಕಿಟಕಿ ಮಟ್ಟದಲ್ಲೇ ಹರಡುತ್ತದೆ. ಆ ಮನೆಯಲ್ಲಿ ಆಸ್ತಮಾ ಇರುವ ಮಗುವಿದ್ದರೆ? ಪಕ್ಕದ ವರ್ಮಾಂಟ್ 1997ರಲ್ಲೇ ನಿಯಮ ತಂದಾಗ ನೆರೆಯವರ ಮನೆಯಿಂದ 200 ಅಡಿ ಎಂದು ಅಳೆಯಿತು. ನನಗೆ ನ್ಯೂಯಾರ್ಕ್ ಗಡಿಯಿಂದ ಅಳೆಯುವುದೇ ಸರಿ ಅನ್ನಿಸುತ್ತದೆ. ಪಕ್ಕದ ಖಾಲಿ ಜಾಗದಲ್ಲಿ ನಾಳೆ ಯಾರಾದರೂ ಮನೆ ಕಟ್ಟಿದರೆ ಅವರಿಗೂ ರಕ್ಷಣೆ ಸಿಗುತ್ತದೆ. ವ್ಯಾಪಾರಕ್ಕೆ ಬೇಸಾಯ ಮಾಡುವ ಜಮೀನಿಗೆ ಬೇರೆ ಅಳತೆ ಇದೆ. ಹಿತ್ತಲಲ್ಲಿ ಬದನೆ, ಮೆಣಸು ಬೆಳೆದರೆ ಅದು ಅನ್ವಯಿಸುವುದಿಲ್ಲ.

ಹಾಕಿದ ಮೇಲೆ ಒಣಗಿದ ಶುದ್ಧ ಸೌದೆ ಮಾತ್ರ ಉರಿಸಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್, ಮನೆ ಕಸ ಕೂಡದು. ಸಂಸ್ಕರಿಸದ ಸೌದೆಯನ್ನು ಅದು ಬೆಳೆದ ಜಾಗದಿಂದ 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ, ಮರ ಕೊರೆಯುವ ಹುಳ ಹರಡುತ್ತದೆ ಎಂದು. ಅಗ್ಗಕ್ಕೆ ಸಿಕ್ಕಿತೆಂದು ದೂರದಿಂದ ಟ್ರಕ್‌ನಲ್ಲಿ ತರಬೇಡಿ.

ಕೊಳ್ಳುವ ಮನೆಯಲ್ಲಿ ಬಾಯ್ಲರ್ ಮೊದಲೇ ಇದ್ದರೆ, ಯಾವ ವರ್ಷ ಹಾಕಿದ್ದು, ಟೌನ್ ಪರ್ಮಿಟ್ ಎಲ್ಲಿ ಎಂದು ಮಾರುವವರಿಂದ ಬರಹದಲ್ಲಿ ಕೇಳಿ. ಮನೆ ವಿಮೆಯವರಿಗೂ ಮೊದಲೇ ತಿಳಿಸಿ. ಇಲ್ಲಿ ಸಾಮಾನ್ಯವಾಗಿ ಸಹಿಯಾದ ಮೇಲೆ ವಕೀಲರು ಕರಾರು ಒಪ್ಪಲು ಕೆಲವು ದಿನ ಇರುತ್ತದೆ. ಪರ್ಮಿಟ್ ಪ್ರತಿ ಕೊಡಬೇಕೆಂಬ ಷರತ್ತನ್ನು ಆ ದಿನಗಳೊಳಗೇ ಸೇರಿಸಲು ವಕೀಲರಿಗೆ ಹೇಳಿ.