ಆಫೀಸ್ ಪಾಸ್‌ವರ್ಡ್ ರೀಸೆಟ್: ಮೌಸ್ ಹಿಡಿಯುವ ಮೊದಲು ಗುರುತು ಕೇಳಿ

‘ಪಾಸ್‌ವರ್ಡ್ ಮರೆತುಹೋಗಿದೆ ಸಾರ್, ಬೇಗ ರೀಸೆಟ್ ಮಾಡಿಕೊಡಿ, ಹತ್ತು ಗಂಟೆಗೆ ಮೀಟಿಂಗ್ ಇದೆ.’ ಸೋಮವಾರ ಬೆಳಿಗ್ಗೆ ಹೆಲ್ಪ್‌ಡೆಸ್ಕ್‌ಗೆ ಬರುವ ಫೋನ್‌ಗಳಲ್ಲಿ ಇದೇ ಮಾತು ಜಾಸ್ತಿ. ಕೆಲಸಕ್ಕೆ ಹೊಸದಾಗಿ ಸೇರಿದವರು ತಕ್ಷಣ ರೀಸೆಟ್ ಮಾಡಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲು, ಫೋನ್ ಮಾಡಿದವರು ಯಾರು? ಹುಟ್ಟಿದ ದಿನ, ಉದ್ಯೋಗಿ ಸಂಖ್ಯೆ ಕೇಳಿದರೆ ಸಾಲದು. ಅವು ಬೇರೆಯವರಿಗೂ ಸಿಗುತ್ತವೆ. ಫೋನ್ ಇಟ್ಟು, ಕಂಪನಿಯ ದಾಖಲೆಯಲ್ಲಿರುವ ನಂಬರಿಗೆ ನೀವೇ ವಾಪಸ್ ಮಾಡಿ. ಅನುಮಾನ ಉಳಿದರೆ ಅವರ ಮ್ಯಾನೇಜರ್ ಹತ್ತಿರ ಕೇಳಿ. ಅಮೆರಿಕದ ಕ್ಲೋರಾಕ್ಸ್ ಕಂಪನಿಯ ಮೇಲೆ 2023ರ ಆಗಸ್ಟ್‌ನಲ್ಲಿ ಸೈಬರ್ ದಾಳಿ ನಡೆಯಿತು. ಫೋನ್ ಮಾಡಿದವರ ಗುರುತು ಕೇಳದೆ ಹೆಲ್ಪ್‌ಡೆಸ್ಕ್‌ನವರು ಪಾಸ್‌ವರ್ಡ್ ಕೊಟ್ಟರು ಎಂದು ಆರೋಪಿಸಿ ಆ ಕಂಪನಿ 2025ರಲ್ಲಿ ಕೋರ್ಟಿಗೆ ಹೋಯಿತು. ಕೇಳಿದ ಪರಿಹಾರ 38 ಕೋಟಿ ಡಾಲರ್. ಎದುರಿಗಿರುವವರು ಎಷ್ಟೇ ದೊಡ್ಡ ಹುದ್ದೆಯವರಾಗಿರಲಿ, ಈ ಹೆಜ್ಜೆ ಬಿಡಬೇಡಿ.

ಆಮೇಲೆ, ಪರದೆಯ ಮೇಲೆ ಏನು ಬರುತ್ತಿದೆ ಕೇಳಿ. ಹಲವು ಸಲ ತಪ್ಪು ಪಾಸ್‌ವರ್ಡ್ ಹಾಕಿ ಅಕೌಂಟ್ ಲಾಕ್ ಆಗಿದ್ದು, ಸರಿಯಾದದ್ದು ನೆನಪಿದ್ದರೆ ಅನ್‌ಲಾಕ್ ಮಾಡಿದರೆ ಸಾಕು. ಪಾಸ್‌ವರ್ಡ್‌ನ ಅವಧಿ ಮುಗಿದಿದ್ದರೆ ಅವರೇ ಬದಲಿಸಿಕೊಳ್ಳಬಹುದು. ವಿಂಡೋಸ್ ಡೊಮೇನ್‌ನಲ್ಲಿ, ಅಂದರೆ ಆಫೀಸಿನ ಅಕೌಂಟ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಯಲ್ಲಿ, ಕಂಪನಿ ಸೆಟ್ಟಿಂಗ್ ಬದಲಿಸದಿದ್ದರೆ ಆ ಅವಧಿ 42 ದಿನ. ನಿಜವಾಗಿ ಮರೆತವರಿಗೆ ಮಾತ್ರ ರೀಸೆಟ್ ಬೇಕು.

ಈಗ ರೀಸೆಟ್. ಡೊಮೇನ್‌ನ ಅಕೌಂಟ್‌ಗಳನ್ನು ನೋಡಿಕೊಳ್ಳುವ ‘ಆ್ಯಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್’ ಎಂಬ ಟೂಲ್ ತೆರೆಯಿರಿ. ಹೆಸರು ಹುಡುಕಿ, ರೈಟ್ ಕ್ಲಿಕ್ ಮಾಡಿ, ‘ರೀಸೆಟ್ ಪಾಸ್‌ವರ್ಡ್’ ಆರಿಸಿ. ಒಂದೇ ಹೆಸರಿನವರು ಇಬ್ಬರಿರಬಹುದು, ಲಾಗಿನ್ ಹೆಸರನ್ನೂ ನೋಡಿ. ತಾತ್ಕಾಲಿಕ ಪಾಸ್‌ವರ್ಡ್ ಹಾಕಿ, ಮುಂದಿನ ಲಾಗಿನ್‌ನಲ್ಲಿ ಬದಲಿಸಲೇಬೇಕು ಎಂಬ ಆಯ್ಕೆಗೆ ಟಿಕ್ ಮಾಡಿ. ಎಲ್ಲರಿಗೂ ಒಂದೇ ತಾತ್ಕಾಲಿಕ ಪಾಸ್‌ವರ್ಡ್ ಕೊಡುವ ಅಭ್ಯಾಸ ಕೆಟ್ಟದ್ದು. ವಾರದೊಳಗೆ ಅದು ಇಡೀ ಆಫೀಸಿಗೆ ಗೊತ್ತಾಗುತ್ತದೆ, ಅಲ್ವಾ?

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಹತ್ತು ನಿಮಿಷದಲ್ಲಿ ಅದೇ ವ್ಯಕ್ತಿ ಮತ್ತೆ ಫೋನ್ ಮಾಡಬಹುದು: ‘ಪುನಃ ಲಾಕ್ ಆಯ್ತು!’ ಅವರನ್ನು ಬೈಯಬೇಡಿ, ತಪ್ಪು ಅವರದಲ್ಲ. ಜೇಬಿನಲ್ಲಿರುವ ಮೊಬೈಲ್ ಹಳೇ ಪಾಸ್‌ವರ್ಡ್ ಹಿಡಿದು ಆಫೀಸ್ ಮೇಲ್‌ಗೆ ಮತ್ತೆ ಮತ್ತೆ ಲಾಗಿನ್ ಆಗಲು ನೋಡುತ್ತಿರುತ್ತದೆ. ಕಂಪ್ಯೂಟರ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ನಲ್ಲೂ ಹಳೆಯದು ಉಳಿದಿರಬಹುದು. ಲಾಗ್ಔಟ್ ಮಾಡದೆ ಸುಮ್ನೆ ಮುಚ್ಚಿದ ರಿಮೋಟ್ ಡೆಸ್ಕ್‌ಟಾಪ್‌ನಿಂದಲೂ ಹೀಗಾಗುತ್ತದೆ. ಎಲ್ಲಿಂದ ಎಂದು ತಿಳಿಯದಿದ್ದರೆ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 4740 ನಂಬರಿನ ದಾಖಲೆ ನೋಡಿ. ಯಾವ ಯಂತ್ರದಿಂದ ಲಾಕ್ ಆಯಿತು ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ.

ಮನೆಯಿಂದ ಕೆಲಸ ಮಾಡುವವರ ಕಷ್ಟ ಬೇರೆ. ನೀವು ರೀಸೆಟ್ ಮಾಡಿದ ವಿಷಯ ಅವರ ಲ್ಯಾಪ್‌ಟಾಪ್‌ಗೆ ಗೊತ್ತೇ ಇರುವುದಿಲ್ಲ. ಆಫೀಸ್ ನೆಟ್‌ವರ್ಕ್ ಸಿಗುವವರೆಗೆ ಅದು ಹಳೇ ಪಾಸ್‌ವರ್ಡನ್ನೇ ಕೇಳುತ್ತದೆ. ಅದನ್ನೇ ಮರೆತವರು ಏನು ಮಾಡಬೇಕು? ಲಾಗಿನ್ ಪರದೆಯಲ್ಲೇ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಜೋಡಿಸುವ ಸೌಲಭ್ಯ ಇದ್ದರೆ ಅದನ್ನು ಹಂತ ಹಂತವಾಗಿ ಹೇಳಿಕೊಡಿ. ಕೆಲವು ವಿಪಿಎನ್‌ಗಳು ‘ಬದಲಿಸಲೇಬೇಕು’ ಎಂಬ ಟಿಕ್ ಇದ್ದರೆ ಒಳಗೇ ಬಿಡುವುದಿಲ್ಲ. ಅಂಥ ಕಡೆ ಟಿಕ್ ತೆಗೆದು, ಅವರು ಒಳಗೆ ಬಂದ ಮೇಲೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿಸಿ ಪಾಸ್‌ವರ್ಡ್ ಬದಲಿಸಿಸಿ. ಅದು ಆಗುವವರೆಗೆ ಫೋನ್ ಇಡಬೇಡಿ.