ಹತ್ತು ದಿನ ಮೊದಲು ಓಡಿದ 34 ಕಿಲೋಮೀಟರ್

ಮೈಸೂರಿನ ಹೊರವರ್ತುಲ ರಸ್ತೆಯ ಉದ್ದ ಸುಮಾರು 42 ಕಿ.ಮೀ. ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ಮ್ಯಾರಥಾನ್‌ನ 42.195 ಕಿ.ಮೀ. ಮುಗಿದಂತೆಯೇ ಎಂಬ ಆಸೆ ಊರಿನ ಓಟಗಾರರನ್ನು ಸುಮ್ಮನೆ ಬಿಡುವುದಿಲ್ಲ. ಮುಂಬೈ ಮ್ಯಾರಥಾನ್‌ಗೆ ಮೊದಲ ಬಾರಿ ಹೆಸರು ಕೊಟ್ಟಿದ್ದ ವರ್ಷ, ಸ್ಪರ್ಧೆಗೆ ಹತ್ತೇ ದಿನ ಉಳಿದಿದ್ದಾಗ, ಅಷ್ಟು ದೂರ ನನ್ನಿಂದಾದೀತೇ ಎಂಬ ಅಳುಕನ್ನು ಕಳೆದುಕೊಳ್ಳಲೆಂದೇ ಆ ರಸ್ತೆಯಲ್ಲಿ 34 ಕಿ.ಮೀ. ಓಡಿದೆ. ಅಳುಕೇನೋ ಹೋಯಿತು, ಕಾಲಿನ ದಣಿವು ಹೋಗುವ ಮೊದಲೇ ಜನವರಿಯ ಆ ಭಾನುವಾರ ಬಂದುಬಿಟ್ಟಿತು.

ಅದರ ಮೇಲೆ ಇನ್ನೊಂದು ತಪ್ಪು ಮಾಡಿದೆ. ನಾಲ್ಕೂವರೆ ಗಂಟೆಯಲ್ಲಿ ಮುಗಿಸಬೇಕಾದರೆ ಪ್ರತಿ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು ಸಾಕು. ಬೆಳಗಿನ ತಂಪು, ಜನರ ಕೇಕೆಗಳ ಹುರುಪಿನಲ್ಲಿ ನಾನು ಆರು ನಿಮಿಷದ ಆಸುಪಾಸಿನಲ್ಲಿ ಓಡುತ್ತ, ಮೊದಲರ್ಧವನ್ನು 2 ಗಂಟೆ 8 ನಿಮಿಷಕ್ಕೆ ಮುಗಿಸಿ ಹೆಮ್ಮೆಪಟ್ಟೆ. 31ನೇ ಕಿಲೋಮೀಟರಿನಲ್ಲಿ ತೊಡೆಗಳು ಮರದ ಕೊರಡಿನಂತಾದವು. ಅನ್ನದಂಥ ಪಿಷ್ಟದ ಆಹಾರದಿಂದ ದೇಹ ತಯಾರಿಸಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುವ ಸಕ್ಕರೆಯ ದಾಸ್ತಾನು, ಗ್ಲೈಕೋಜನ್, ಬರಿದಾದಾಗ ದೇಹ ಕೊಬ್ಬನ್ನೇ ಹೆಚ್ಚಾಗಿ ನೆಚ್ಚಿಕೊಳ್ಳಬೇಕಾಗುತ್ತದೆ, ಕೊಬ್ಬಿನಿಂದ ಶಕ್ತಿ ಅಷ್ಟು ಬೇಗ ಒದಗುವುದಿಲ್ಲ. ವೇಗ ಹೆಚ್ಚಿದಷ್ಟೂ ಗ್ಲೈಕೋಜನ್ ಬೇಗ ಕರಗುತ್ತದೆ. ಉಳಿದದ್ದನ್ನು ನಡೆದು, ಕುಂಟಿ, 4 ಗಂಟೆ 58 ನಿಮಿಷಕ್ಕೆ ಮುಗಿಸಿದೆ.

ಮರುವರ್ಷ 18 ವಾರಗಳ ತಯಾರಿ ನಡೆಸಿದೆ. ವಾರಕ್ಕೆ 35 ಕಿ.ಮೀ.ನಿಂದ ಆರಂಭಿಸಿ 60ರವರೆಗೆ ಏರಿಸಿದೆ, ಪ್ರತಿ ನಾಲ್ಕನೆಯ ವಾರ ಇಳಿಸಿದೆ. ಓಟದ ಬಹುಪಾಲು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಪಕ್ಕದವರೊಂದಿಗೆ ಮಾತನಾಡಲು ಉಸಿರು ಉಳಿಯುವಷ್ಟು ನಿಧಾನವಾಗಿಯೇ ನಡೆಯಿತು. ವಾರಕ್ಕೊಮ್ಮೆ ಮಾತ್ರ ಸ್ಪರ್ಧೆಯ ವೇಗದಲ್ಲಿ ಎಂಟು ಹತ್ತು ಕಿ.ಮೀ. ಓಡುತ್ತಿದ್ದೆ. ಮುಂಬೈಯಲ್ಲಿ ಪೆಡರ್ ರೋಡಿನ ಏರು, ಕಾಲು ಸೋತಿರುವ ಹೊತ್ತಿನಲ್ಲಿ, 35 ಕಿ.ಮೀ. ದಾಟಿದ ಮೇಲೆ ಎದುರಾಗುತ್ತದೆ. ಅದಕ್ಕಾಗಿ ದೀರ್ಘ ಓಟದ ಕೊನೆಯ ಭಾಗವನ್ನು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಇಟ್ಟುಕೊಂಡೆ. ಅತಿ ದೀರ್ಘವಾದ 32 ಕಿ.ಮೀ. ಓಟವನ್ನು ಸ್ಪರ್ಧೆಗೆ ಸರಿಯಾಗಿ ಮೂರು ವಾರ ಮೊದಲೇ ಮುಗಿಸಿದೆ.

ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದಾಚೆಗೆ. ಟೇಪರಿಂಗ್ ಎಂದರೆ ಮಲಗಿರುವುದಲ್ಲ. ಸ್ಪರ್ಧೆ ಹತ್ತಿರವಾದಂತೆ ದೂರವನ್ನು ಕಡಿತಗೊಳಿಸಿ ವೇಗವನ್ನು ಹಾಗೆಯೇ ಉಳಿಸಿಕೊಳ್ಳುವುದು. 60 ಕಿ.ಮೀ. ಇದ್ದದ್ದು ಮೊದಲ ವಾರ 44, ಎರಡನೆಯ ವಾರ 33, ಸ್ಪರ್ಧೆಯ ವಾರ ಬರೀ 15 ಆಯಿತು. ಆದರೆ ಆ ಹದಿನೈದರಲ್ಲೂ ನಾಲ್ಕು ಕಿ.ಮೀ. ಸ್ಪರ್ಧೆಯ ವೇಗದಲ್ಲೇ ಇತ್ತು. ಓಡದಿದ್ದ ಬೆಳಗುಗಳಲ್ಲಿ ಇಲ್ಲದ ನೋವುಗಳೆಲ್ಲ ಹುಟ್ಟಿಕೊಂಡವು: ಒಂದು ದಿನ ಎಡ ಮಂಡಿ, ಮರುದಿನ ಹಿಮ್ಮಡಿ. ಅಡುಗೆಮನೆ ಮತ್ತು ಪಡಸಾಲೆಯ ನಡುವೆ ಶತಪಥ ಹಾಕುತ್ತಿದ್ದ ನನ್ನನ್ನು ನೋಡಿ ಹೆಂಡತಿ, “ನೀವು ಓಡಿಬಂದು ಸುಸ್ತಾಗಿ ಬಿದ್ದಿರ್ತಿದ್ರಲ್ಲ, ಅದೇ ವಾಸಿ ಇತ್ತು” ಎಂದಳು. ಹೊರವರ್ತುಲ ರಸ್ತೆಯ ಕಡೆಗೆ ಮಾತ್ರ ನಾನು ತಲೆಹಾಕಲಿಲ್ಲ.

ಕೊನೆಯ ಮೂರು ದಿನ ಮುದ್ದೆ, ಸೊಪ್ಪಿನ ಸಾರುಗಳನ್ನು ಬಿಟ್ಟು ಅನ್ನ, ಇಡ್ಲಿ, ಬಾಳೆಹಣ್ಣಿಗೆ ಅಂಟಿಕೊಂಡೆ. ನಾರು ಹೆಚ್ಚಾದರೆ ಓಟದ ದಿನ ಹೊಟ್ಟೆ ಕೈಕೊಡುತ್ತದೆ. ತೂಕ ಒಂದೂವರೆ ಕಿಲೋ ಏರಿತು. ಗ್ಲೈಕೋಜನ್ ತನ್ನೊಂದಿಗೆ ನೀರನ್ನೂ ಹಿಡಿದಿಡುತ್ತದೆಂದು ತಿಳಿದಿದ್ದರಿಂದ ಗಾಬರಿಯಾಗಲಿಲ್ಲ.

ಓಟದ ದಿನ ವಾಚಿನ ವೇಗವನ್ನು ನಂಬದೆ, ದಾರಿಯ ಕಿಲೋಮೀಟರ್ ಫಲಕಗಳ ಬಳಿ ಗುಂಡಿ ಒತ್ತಿ ಲೆಕ್ಕವಿಟ್ಟೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಪ್ಪುತ್ತದೆ, ತಿರುವುಗಳಲ್ಲಿ ನಾವೂ ಒಂದಿಷ್ಟು ಹೆಚ್ಚೇ ಓಡುತ್ತೇವೆ; ಕೊನೆಗೆ ನನ್ನ ವಾಚು ತೋರಿಸಿದ್ದು 42.7 ಕಿ.ಮೀ. ಮೊದಲ ಐದು ಕಿ.ಮೀ.ಗಳನ್ನು ಬೇಕೆಂದೇ 6 ನಿಮಿಷ 35 ಸೆಕೆಂಡಿನಂತೆ ಓಡಿದೆ. ಹಿಂದಿನಿಂದ ಬಂದವರೆಲ್ಲ ನನ್ನನ್ನು ದಾಟಿ ಹೋಗುತ್ತಿದ್ದರೆ ಸುಮ್ಮನಿರುವುದು ಬೆಟ್ಟ ಹತ್ತುವುದಕ್ಕಿಂತ ಕಷ್ಟವಾಗಿತ್ತು. ಅರ್ಧ ದೂರ ಮುಗಿದಾಗ 2 ಗಂಟೆ 15 ನಿಮಿಷ 40 ಸೆಕೆಂಡಾಗಿತ್ತು, ನಾಲ್ಕೂವರೆ ಗಂಟೆಯ ಲೆಕ್ಕಕ್ಕೆ 40 ಸೆಕೆಂಡು ತಡ. 2023ರ ಷಿಕಾಗೋದಲ್ಲಿ 2:00:35ರ ವಿಶ್ವದಾಖಲೆ ಮಾಡಿದ ಕೆನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ ಕೂಡ ಎರಡನೆಯ ಅರ್ಧವನ್ನೇ ಒಂದು ನಿಮಿಷ ಬೇಗ ಓಡಿದ್ದರೆಂಬುದನ್ನು ನೆನೆದು ಸಮಾಧಾನ ಮಾಡಿಕೊಂಡೆ. ಹೋಲಿಕೆ ಅಧಿಕಪ್ರಸಂಗವೆಂದು ಗೊತ್ತು.

ಪೆಡರ್ ರೋಡಿನ ಏರಿನಲ್ಲಿ ಆ ಕಿಲೋಮೀಟರಿಗೆ 6 ನಿಮಿಷ 55 ಸೆಕೆಂಡು ಹಿಡಿಯಿತು. ಉಸಿರಿನ ಹದ ಕೆಡದಿದ್ದರೆ ಸಾಕೆಂದು ಹೆಜ್ಜೆ ಕಿರಿದಾಗಿಸಿ ಹತ್ತಿದೆ; ರಸ್ತೆ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಉಪ್ಪು ಸವರಿದ ಕಿತ್ತಳೆ ತೊಳೆಯನ್ನು ಅಂಗೈಗಿಟ್ಟರು. ಇಳಿಜಾರಿನಲ್ಲಿ ಕಾಲು ಮತ್ತೆ ತನ್ನ ಲಯಕ್ಕೆ ಮರಳಿತು. ಮೆರೀನ್ ಡ್ರೈವ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿದ್ದಾಗ, ನಸುಕಿನಲ್ಲಿ ನನ್ನನ್ನು ದಾಟಿ ಹೋಗಿದ್ದ ಹಸಿರು ಟೋಪಿಯವರೊಬ್ಬರು ಸೊಂಟಕ್ಕೆ ಕೈಯಿಟ್ಟು ನಡೆಯುತ್ತಿದ್ದರು. ಹಿಂದಿನ ವರ್ಷ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಾನೂ ಹಾಗೆಯೇ ನಡೆದಿದ್ದೆ. “ಬನ್ನಿ” ಎಂದು ಕೈಸನ್ನೆ ಮಾಡಿದೆ. ಅವರು ನೂರು ಮೀಟರ್ ಜೊತೆಗೆ ಬಂದು ಮತ್ತೆ ಹಿಂದುಳಿದರು. ನನ್ನ ಸಮಯ 4 ಗಂಟೆ 29 ನಿಮಿಷ 50 ಸೆಕೆಂಡು.